ಅಗಲವಾದ ಹಾಯಿದೋಣಿ ಹೆಚ್ಚು ಸುರಕ್ಷಿತವೇ?

ಅರ್ಧ ನಿಜ. ಅಗಲ ಹೆಚ್ಚಿದ್ದರೆ ದೋಣಿ ಗಾಳಿಗೆ ಕಡಿಮೆ ವಾಲುತ್ತದೆ, ಒಳಗೆ ಜಾಗವೂ ಧಾರಾಳ. ಆದರೆ ದೊಡ್ಡ ಅಲೆ ಪೂರ್ತಿ ಮಗುಚಿಬಿಟ್ಟರೆ, ಅದೇ ಅಗಲ ದೋಣಿಯನ್ನು ತಲೆಕೆಳಗಾಗಿಯೇ ಹಿಡಿದಿಡುತ್ತದೆ. ಮತ್ತೆ ಎಬ್ಬಿಸುವುದು ತಳದಡಿಯ ಭಾರ, ಅಂದರೆ ಕೀಲ್.

1979ರ ಆಗಸ್ಟ್‌ನಲ್ಲಿ, ಇಂಗ್ಲೆಂಡಿನಿಂದ ಹೊರಟು ಐರ್ಲೆಂಡ್ ಬಳಿಯ ಬಂಡೆಯನ್ನು ಸುತ್ತಿ ಬರುವ ಫಾಸ್ಟ್‌ನೆಟ್ ರೇಸ್ ಬಿರುಗಾಳಿಗೆ ಸಿಕ್ಕಿತು. 15 ಸ್ಪರ್ಧಿಗಳು ಸತ್ತರು. ಅತಿ ಚಿಕ್ಕ ದೋಣಿಗಳ ವರ್ಗದಲ್ಲಿ ಗುರಿ ಮುಟ್ಟಿದ್ದು ಒಂದೇ: ಕಿರಿದಾದ ಒಡಲಿನ, ಭಾರೀ ಕೀಲ್‌ನ ಕಾಂಟೆಸ್ಸಾ 32.

ಆ ದುರಂತದ ನಂತರ ಬಂದ ಲೆಕ್ಕ ಇದು. ದೋಣಿಯ ತೂಕವನ್ನು (ಪೌಂಡ್) 64ರಿಂದ ಭಾಗಿಸಿ, ಘನಮೂಲ ತೆಗೆಯಿರಿ. ಅಗಲವನ್ನು (ಅಡಿ) ಅದರಿಂದ ಭಾಗಿಸಿ. ಉತ್ತರ 2 ದಾಟಬಾರದು. ಕಾಂಟೆಸ್ಸಾಗೆ ಸುಮಾರು 1.8. ಕೀಲ್ ಎಷ್ಟು ಆಳದಲ್ಲಿದೆ ಎಂಬುದು ಈ ಲೆಕ್ಕಕ್ಕೆ ಸಿಗದು. ಹಾಗಾಗಿ ಎಷ್ಟು ಡಿಗ್ರಿ ವಾಲಿದರೂ ದೋಣಿ ಮತ್ತೆ ಏಳುತ್ತದೆ ಎಂದು ಮಾರುವವರನ್ನೇ ಕೇಳಿ.