ಮೂರಕ್ಷರದ ಜಾವಳಿ, ಐದು ಸಂಕೇತ

ಹೇಮಾವತಿ ಹುಟ್ಟೋ ಊರು ಜಾವಳಿ. ಬರೆಯೋಕೆ ಮೂರೇ ಅಕ್ಷರ. ಯೂನಿಕೋಡ್‌ಗೆ ಮಾತ್ರ ಅದು ಐದು ಸಂಕೇತ: ಜ, ಇಳಿ, ವ, ಳ, ಗುಡಿಸು. ಈ ಐದನ್ನು ನಮ್ಮ ಕಣ್ಣಿಗೆ ಮೂರಾಗಿ ಕೂರಿಸೋದು ಯಾರು? ಈಮ್ಯಾಕ್ಸ್ ಎಂಬ ಎಡಿಟರ್‌ನಲ್ಲಿ ಇದರ ಹಿಂದೆ ಎರಡು ಭಾಷೆಗಳ ಹಳೇ ಸಂಬಂಧದ ಕತೆಯಿದೆ.

ಜಾನ್ ಮೆಕಾರ್ಥಿ ಲಿಸ್ಪ್ ಬಗ್ಗೆ ಪ್ರಬಂಧ ಪ್ರಕಟಿಸಿದ್ದು 1960ರಲ್ಲಿ. ಮೆಮೊರಿಯ ಕಸ ಗುಡಿಸೋ ಕೆಲಸವನ್ನು ಆ ಭಾಷೆ ತಾನೇ ವಹಿಸಿಕೊಂಡಿತು. 1970ರ ದಶಕದ ಆರಂಭದಲ್ಲಿ ಬೆಲ್ ಲ್ಯಾಬ್ಸ್‌ನ ಡೆನಿಸ್ ರಿಚಿ ಕಟ್ಟಿದ ಸಿ ಇದಕ್ಕೆ ತದ್ವಿರುದ್ಧ: ವಿಳಾಸ ಕೊಡ್ತೀನಿ, ಉಳಿದದ್ದು ನೀನೇ ನೋಡ್ಕೋ. ಆ ವಿಳಾಸವೇ ಪಾಯಿಂಟರ್. ಡೇಟಾಗೆ ಮಾತ್ರವಲ್ಲ, ಫಂಕ್ಷನ್‌ಗೂ ಅದು ಇದೆ.

ಯುನಿಕ್ಸ್ ಜೊತೆ ಸಿ ಎಲ್ಲೆಡೆ ಹಬ್ಬಿತು. ಲಿಸ್ಪ್‌ನವರಿಗೆ ಉಳಿದದ್ದು ಎರಡೇ ದಾರಿ: ಸಿಯಲ್ಲಿರೋ ಲೈಬ್ರರಿಗಳನ್ನು ಮತ್ತೆ ಬರೆಯೋದು, ಇಲ್ಲಾ ಅದರ ಫಂಕ್ಷನ್‌ಗಳನ್ನು ವಿಳಾಸ ಹಿಡಿದು ಕರೆಯೋದು. 1994ರ ಕಾಮನ್ ಲಿಸ್ಪ್ ಸ್ಟ್ಯಾಂಡರ್ಡ್ ಈ ವಿಷಯದಲ್ಲಿ ಬಾಯೇ ಬಿಡಲಿಲ್ಲ. ಹೀಗಾಗಿ ಒಂದೊಂದು ಲಿಸ್ಪ್‌ಗೆ ಒಂದೊಂದು ಪದ್ಧತಿ. ಅವನ್ನೆಲ್ಲ ಒಂದೇ ಸೂರಿನಡಿ ತಂದ ಸಿಎಫ್‌ಎಫ್‌ಐ ಬಂದದ್ದು 2005ರ ಹೊತ್ತಿಗೆ. ಅದರಲ್ಲಿ ಹೆಸರು ಹಿಡಿದೂ ಕರೀಬಹುದು, ಬರೀ ಪಾಯಿಂಟರ್ ಹಿಡಿದೂ ಕರೀಬಹುದು.

ಆದರೆ ವಿಳಾಸಕ್ಕೆ ಒಳಗೆ ಯಾರಿದ್ದಾರೆ ಅಂತ ಗೊತ್ತಿರಲ್ಲ. ಪೂರ್ಣಾಂಕ ಬೇಡೋ ಕಡೆ ದಶಮಾಂಶ ಕೊಟ್ಟರೆ ತಡೆಯೋರಿಲ್ಲ. ತಪ್ಪು ಉತ್ತರ ಬರುತ್ತೆ, ಇಲ್ಲಾ ಇಡೀ ಪ್ರೋಗ್ರಾಮೇ ಮಗುಚುತ್ತೆ. ಕೆಲವು ಲಿಸ್ಪ್‌ಗಳು ಕಸ ಗುಡಿಸುವಾಗ ವಸ್ತುಗಳ ಜಾಗವನ್ನೇ ಬದಲಿಸುತ್ತವೆ. ಆಗ ಸಿ ಕೈಯಲ್ಲಿ ಉಳಿಯೋದು ಖಾಲಿ ಮನೆಯ ವಿಳಾಸ.

ಈಗ ಜಾವಳಿಗೆ ಬನ್ನಿ. ಈಮ್ಯಾಕ್ಸ್‌ನ ತಿರುಳು ಸಿ, ಮೈಯೆಲ್ಲ ಲಿಸ್ಪ್. ಕನ್ನಡದ ಒಂದು ಅಕ್ಷರ ಎಲ್ಲಿಂದ ಎಲ್ಲಿವರೆಗೆ ಅನ್ನೋ ನಿಯಮ ಲಿಸ್ಪ್‌ನಲ್ಲಿದೆ. ಲಿಸ್ಪ್ ಆ ತುಂಡನ್ನು ತಿರುಳಿಗೆ ಒಪ್ಪಿಸುತ್ತೆ. ಅದು ಫಾಂಟ್ ಡ್ರೈವರ್‌ನಲ್ಲಿ ಬರೆದಿಟ್ಟ ಫಂಕ್ಷನ್ ಪಾಯಿಂಟರ್ ಹಿಡಿದು, ಅಕ್ಷರ ಜೋಡಿಸೋ ಲೈಬ್ರರಿಯ ಬಾಗಿಲು ತಟ್ಟುತ್ತೆ. 2009ರ 23ನೇ ಆವೃತ್ತಿಯಲ್ಲಿ, ಲಿನಕ್ಸ್ ಮೇಲೆ, ಆ ಬಾಗಿಲ ಹಿಂದೆ ಇದ್ದದ್ದು ಜಪಾನಿನ ಕೆನಿಚಿ ಹಾಂಡಾ ಮತ್ತು ಸಂಗಡಿಗರ ಎಂ17ಎನ್. 2020ರ 27ನೇ ಆವೃತ್ತಿಯಲ್ಲಿ ಹಾರ್ಫ್‌ಬಜ್ ಬಂತು. ಕ್ರೋಮ್, ಆಂಡ್ರಾಯ್ಡ್ ಬಳಸೋದೂ ಇದನ್ನೇ.

ಜೋಡಿಸುವವರು ಬದಲಾದರೂ ಕರೆಯೋ ದಾರಿ ಅದೇ ಉಳೀತು. ಕನ್ನಡಕ್ಕಾಗಿ ಬೇರೆ ಎಡಿಟರ್ ಕಟ್ಟಬೇಕಾಗಲಿಲ್ಲ. ಹಾರ್ಫ್‌ಬಜ್‌ನಲ್ಲಿ ಒಬ್ಬರು ಒಂದು ಒತ್ತಕ್ಷರ ಸರಿಮಾಡಿದರೆ ಅದನ್ನು ಕರೆಯೋ ಎಲ್ಲರಿಗೂ ಅದು ದಕ್ಕುತ್ತೆ. ಆ ಕರೆ ತಪ್ಪಿದ ದಿನ ಮಾತ್ರ ‘ಕ್ಷ’ ಒಡೆದು, ಕ್ ಒಂದು ಕಡೆ, ಷ ಒಂದು ಕಡೆ ನಿಲ್ಲುತ್ತವೆ.