ಅಗ್ಗದ ರೆಕಾರ್ಡ್ ಪ್ಲೇಯರ್: ಬೆಲೆ ತೆರುವವರು ಯಾರು?



ಅಟ್ಟದ ಮೇಲೆ ಅಜ್ಜನ ಕಾಲದ ರೆಕಾರ್ಡುಗಳ ಪೆಟ್ಟಿಗೆ ಇರುವ ಮನೆಗಳು ನಮ್ಮಲ್ಲಿ ಇನ್ನೂ ಇವೆ. ಹಬ್ಬದ ದಿನವೋ ಭಾನುವಾರ ಮಧ್ಯಾಹ್ನವೋ ಒಂದೆರಡನ್ನು ಹಾಕಿ ಕೇಳಬೇಕೆಂಬ ಆಸೆ ನಮ್ಮ ವಯಸ್ಸಿನವರಿಗೂ ಈಗ ಹುಟ್ಟಿದೆ. ಆದರೆ ನಾವು ದಿನಾ ಕೇಳುವವರಲ್ಲ, ಕೈಯಲ್ಲಿ ಹೆಚ್ಚು ದುಡ್ಡೂ ಇಲ್ಲ. "ಸರಳವಾದ, ಸಾಧಾರಣ ಬೆಲೆಯ ಪ್ಲೇಯರ್ ಸಾಕು. ಯಾವುದು ತೆಗೆದುಕೊಳ್ಳಲಿ?" ಎಂದು ಕೇಳುವವರು ಹೆಚ್ಚಾಗಿದ್ದಾರೆ.

ಈ ಪ್ರಶ್ನೆ ಹೊಸದೇನಲ್ಲ. ರೆಕಾರ್ಡ್ ಹುಟ್ಟಿದ ದಿನದಿಂದಲೂ ಅದನ್ನು ನುಡಿಸುವ ಯಂತ್ರವನ್ನು ಸಾಮಾನ್ಯ ಜನರ ಕೈಗೆಟುಕುವಂತೆ ಮಾಡಲು ಯಾರಾದರೊಬ್ಬರು ತಲೆ ಕೆಡಿಸಿಕೊಂಡೇ ಇದ್ದಾರೆ. ಬೆಲೆ ಇಳಿಸಬೇಕಾದರೆ ಪ್ರತಿ ಸಲವೂ ಏನನ್ನಾದರೂ ಬಿಡಬೇಕಾಯಿತು. ಕೆಲವನ್ನು ಬಿಟ್ಟರೆ ನಷ್ಟವೇ ಇಲ್ಲ. ಇನ್ನು ಕೆಲವನ್ನು ಬಿಟ್ಟರೆ ಅಂಗಡಿಯಲ್ಲಿ ಉಳಿಸಿದ ಹಣವನ್ನು ಮುಂದೆ ನಮ್ಮ ರೆಕಾರ್ಡುಗಳೇ ತೆರಬೇಕಾಗುತ್ತದೆ. ಯಾವುದು ಯಾವ ಬಗೆಯದು ಎಂಬುದನ್ನು ಈ ಯಂತ್ರದ ಚರಿತ್ರೆಯೇ ಹೇಳುತ್ತದೆ.

ಕೈಯಲ್ಲಿ ತಿರುಗಿಸುವ ಆಟಿಕೆ

1877ರಲ್ಲಿ ಥಾಮಸ್ ಎಡಿಸನ್ ಮೊದಲ ಫೋನೋಗ್ರಾಫ್ ಮಾಡಿದಾಗ ಅದರಲ್ಲಿ ತಟ್ಟೆ ಇರಲಿಲ್ಲ. ತವರದ ಹಾಳೆ ಸುತ್ತಿದ ಒಂದು ಉರುಳೆ ಇತ್ತು. ಉರುಳೆಗಳ ಪ್ರತಿ ಮಾಡುವುದು ಆಗ ಕಷ್ಟದ ಕೆಲಸ. ಹತ್ತು ವರ್ಷಗಳ ನಂತರ, 1887ರಲ್ಲಿ, ಜರ್ಮನಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ್ದ ಎಮಿಲಿ ಬರ್ಲಿನರ್ ಎಂಬುವರು ಗ್ರಾಮಫೋನಿಗೆ ಪೇಟೆಂಟ್ ಪಡೆದರು. ಅವರದು ಚಪ್ಪಟೆಯಾದ ತಟ್ಟೆ. ಒಂದು ಅಚ್ಚು ಮಾಡಿಕೊಂಡರೆ ನಾಣ್ಯ ಒತ್ತಿದ ಹಾಗೆ ಎಷ್ಟು ಬೇಕಾದರೂ ಪ್ರತಿ ಒತ್ತಬಹುದು. ಸಂಗೀತ ಮನೆ ಮನೆಗೆ ಬಂದದ್ದು ಈ ಒಂದು ಉಪಾಯದಿಂದ.

ಬರ್ಲಿನರ್ ಅವರ ಮೊದಲ ಯಂತ್ರಗಳನ್ನು ಜರ್ಮನಿಯ ಒಂದು ಆಟಿಕೆ ಕಂಪೆನಿ ಮಕ್ಕಳ ಆಟಿಕೆಯಾಗಿ ಮಾರಿತು. ಮೋಟಾರ್ ಇಲ್ಲ, ಹಿಡಿಕೆಯನ್ನು ಕೈಯಲ್ಲೇ ತಿರುಗಿಸಬೇಕು. ಮಾತು ಕೇಳಲು ಅಷ್ಟು ಸಾಕು, ಹಾಡಿಗೆ ಸಾಲದು. ಕೈ ಸ್ವಲ್ಪ ಜೋರಾದರೆ ಶ್ರುತಿ ಏರುತ್ತದೆ, ನಿಧಾನವಾದರೆ ಇಳಿಯುತ್ತದೆ. ಲೆಕ್ಕ ಹಾಕಿದರೆ ವೇಗದಲ್ಲಿ ಸುಮಾರು ಶೇಕಡಾ 6ರಷ್ಟು ವ್ಯತ್ಯಾಸವಾದರೆ ಹಾಡು ಅರ್ಧ ಸ್ವರದಷ್ಟು ಸರಿಯುತ್ತದೆ. ಹಾರ್ಮೋನಿಯಂನಲ್ಲಿ ಒಂದು ಮನೆ ಬಿಟ್ಟು ಪಕ್ಕದ ಮನೆ ಒತ್ತಿದ ಹಾಗೆ. 1896ರಲ್ಲಿ ನ್ಯೂಜೆರ್ಸಿಯ ಕ್ಯಾಮ್‌ಡನ್ ಊರಿನ ಎಲ್ಡ್ರಿಜ್ ಜಾನ್ಸನ್ ಎಂಬ ಮೆಕ್ಯಾನಿಕ್ ಕೀಲಿ ಕೊಡುವ ಸ್ಪ್ರಿಂಗ್ ಮೋಟಾರ್ ಕೂರಿಸಿಕೊಟ್ಟ ಮೇಲೆಯೇ ಆಟಿಕೆ ವಾದ್ಯವಾಯಿತು. ಮೊದಲನೆಯ ಪಾಠ ಇದು: ಏನು ಬಿಟ್ಟರೂ ಒಂದೇ ಸಮನೆ ತಿರುಗುವುದನ್ನು ಬಿಡುವ ಹಾಗಿಲ್ಲ.

ಅರಗಿನ ತಟ್ಟೆ, ಉಕ್ಕಿನ ಮುಳ್ಳು

ಮುಂದಿನ ಐವತ್ತು ವರ್ಷ 78 ಸುತ್ತಿನ ರೆಕಾರ್ಡುಗಳ ಕಾಲ. ಅವುಗಳ ಮುಖ್ಯ ವಸ್ತು ಅರಗು. ಮರದ ಕೊಂಬೆಗಳ ಮೇಲೆ ಪುಟ್ಟ ಕೀಟಗಳು ಸ್ರವಿಸುವ ಈ ಅರಗು ಜಗತ್ತಿಗೆ ಹೆಚ್ಚಾಗಿ ಹೋಗುತ್ತಿದ್ದದ್ದು ನಮ್ಮ ದೇಶದಿಂದಲೇ. 1902ರಲ್ಲಿ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತಾಕ್ಕೆ ಬಂದು ಗೌಹರ್ ಜಾನ್ ಅವರ ಹಾಡುಗಳನ್ನು ಧ್ವನಿಮುದ್ರಿಸಿದಾಗ ತಟ್ಟೆಗಳನ್ನು ಒತ್ತಲು ಜರ್ಮನಿಯ ಹ್ಯಾನೋವರ್‌ಗೆ ಕಳುಹಿಸಬೇಕಾಗಿತ್ತು. 1908ರ ಹೊತ್ತಿಗೆ ಕಲ್ಕತ್ತಾದಲ್ಲೇ ಕಾರ್ಖಾನೆ ಶುರುವಾಯಿತು.

ಕೊಳವೆ ಇಟ್ಟ ಆ ಹಳೆಯ ಗ್ರಾಮಫೋನಿನಲ್ಲಿ ಕರೆಂಟು ಇಲ್ಲ, ಆಂಪ್ಲಿಫೈಯರ್ ಇಲ್ಲ. ಮುಳ್ಳಿನ ಅಲುಗಾಟವೇ ನೇರವಾಗಿ ಸದ್ದಾಗಬೇಕು. ಅದಕ್ಕಾಗಿ ಮುಳ್ಳಿನ ಮೇಲೆ 100 ಗ್ರಾಂಗಿಂತಲೂ ಹೆಚ್ಚಿನ ಭಾರ ಬೀಳುತ್ತಿತ್ತು. ಆ ಭಾರವನ್ನು ತಟ್ಟೆ ತಾಳಿಕೊಂಡದ್ದು ಹೇಗೆ? ಅರಗಿನ ಜೊತೆ ಕಲ್ಲಿನ ಪುಡಿಯನ್ನೂ ಬೆರೆಸುತ್ತಿದ್ದರು. ತಟ್ಟೆ ಗಟ್ಟಿ, ಉಕ್ಕಿನ ಮುಳ್ಳು ಅಗ್ಗ. ತಟ್ಟೆಗೆ ಉಜ್ಜಿ ಮುಳ್ಳೇ ಮೊದಲು ಸವೆಯಲಿ ಎಂಬುದೇ ಲೆಕ್ಕ. ಆದ್ದರಿಂದಲೇ ಒಂದು ಬದಿ ಮುಗಿದ ಕೂಡಲೇ ಹಳೆಯ ಮುಳ್ಳು ಎಸೆದು ಹೊಸದು ಹಾಕಬೇಕು ಎಂಬ ನಿಯಮವಿತ್ತು. ಮುಳ್ಳು ಉಳಿಸಲು ಹೋದವರ ಮನೆಯಲ್ಲಿ ತಟ್ಟೆ ಬೂದು ಬಣ್ಣಕ್ಕೆ ತಿರುಗಿ ಕರಕರ ಎನ್ನತೊಡಗುತ್ತಿತ್ತು. ಎರಡನೆಯ ಪಾಠ: ಮುಳ್ಳು ಸವೆದರೆ ಬೇರೆ ತರಬಹುದು, ತಟ್ಟೆ ಸವೆದರೆ ಆ ದನಿ ಮತ್ತೆ ಬಾರದು.

ಮನೆಯಲ್ಲಿರುವ ರೇಡಿಯೋಗೆ ಜೋಡಿಸಿ

1948ರ ಜೂನ್‌ನಲ್ಲಿ ಅಮೆರಿಕದ ಕೊಲಂಬಿಯಾ ಕಂಪೆನಿ ನಿಮಿಷಕ್ಕೆ 33⅓ ಸುತ್ತಿನ ಲಾಂಗ್ ಪ್ಲೇ ರೆಕಾರ್ಡನ್ನು ಹೊರತಂದಿತು. ಮರುವರ್ಷ ಆರ್.ಸಿ.ಎ. ವಿಕ್ಟರ್ 45 ಸುತ್ತಿನ ಸಣ್ಣ ತಟ್ಟೆಯನ್ನು ತಂದಿತು. ಎರಡೂ ವಿನೈಲ್‌ನವು. ವಿನೈಲ್ ಅರಗಿಗಿಂತ ಮೃದು, ಸದ್ದು ಕಡಿಮೆ, ಬಿದ್ದರೆ ಒಡೆಯುವುದಿಲ್ಲ. ಗೆರೆಯ ಅಗಲ 78ರ ಗೆರೆಯ ಮೂರನೇ ಒಂದರಷ್ಟು. ಮೊದಲು 3ರಿಂದ 5 ನಿಮಿಷಕ್ಕೆ ಮುಗಿಯುತ್ತಿದ್ದ ಒಂದು ಬದಿ ಈಗ 20 ನಿಮಿಷ ದಾಟಿತು.

ಆದರೆ ಹೊಸ ರೆಕಾರ್ಡಿಗೆ ಹೊಸ ಯಂತ್ರ ಬೇಕಲ್ಲ? ಜನ ದೊಡ್ಡ ಯಂತ್ರಕ್ಕೆ ದುಡ್ಡು ಹಾಕಲಾರರು ಎಂಬುದು ಕೊಲಂಬಿಯಾಕ್ಕೆ ಗೊತ್ತಿತ್ತು. ಫಿಲ್ಕೋ ಕಂಪೆನಿಯಿಂದ ಒಂದು ಪುಟ್ಟ ಪ್ಲೇಯರ್ ಮಾಡಿಸಿ 29.95 ಡಾಲರಿಗೆ ಮಾರಿದರು. ಅದರಲ್ಲಿ ಸ್ಪೀಕರೂ ಇಲ್ಲ, ಆಂಪ್ಲಿಫೈಯರೂ ಇಲ್ಲ. ಹಿಂದಿನ ವಯರನ್ನು ಮನೆಯ ರೇಡಿಯೋಗೆ ಜೋಡಿಸಬೇಕು, ಅಷ್ಟೇ. ಬೆಲೆ ಇಳಿಸುವ ಜಾಣತನ ಎಂದರೆ ಇದು. ಮನೆಯಲ್ಲಿ ಆಗಲೇ ಇರುವುದನ್ನು ಮತ್ತೆ ಮಾರಲಿಲ್ಲ. ರೆಕಾರ್ಡಿನ ಮೇಲೆ ಹೊರೆಯನ್ನೂ ಹಾಕಲಿಲ್ಲ.

ಸೂಟ್‌ಕೇಸಿನ ಕಾಲ

1950ರ ದಶಕದಲ್ಲಿ ಬೇರೆ ದಾರಿ ಹಿಡಿದವರೂ ಇದ್ದರು. 1952ರಿಂದ ಲಂಡನ್ನಿನಲ್ಲಿ ತಯಾರಾದ ಡ್ಯಾನ್ಸೆಟ್ ಪ್ಲೇಯರ್, ಸೂಟ್‌ಕೇಸಿನಂತೆ ಮುಚ್ಚಿ ಎತ್ತಿಕೊಂಡು ಹೋಗುವ ಬಣ್ಣದ ಪೆಟ್ಟಿಗೆ. ಒಳಗೇ ಸ್ಪೀಕರ್, ಒಂದರ ಮೇಲೊಂದು ರೆಕಾರ್ಡ್ ಪೇರಿಸಿಟ್ಟರೆ ತಾನಾಗಿ ಒಂದೊಂದೇ ಬೀಳುವ ಬಿ.ಎಸ್.ಆರ್. ಕಂಪೆನಿಯ ಯಂತ್ರ. ನಮ್ಮ ವಯಸ್ಸಿನ ಹುಡುಗ ಹುಡುಗಿಯರು ಮೊದಲ ಬಾರಿ ತಮ್ಮ ಕೋಣೆಯಲ್ಲಿ ತಮ್ಮ ಹಾಡು ಕೇಳಿದ್ದು ಇಂಥ ಪೆಟ್ಟಿಗೆಗಳಿಂದ. ನಮ್ಮ ದೇಶದಲ್ಲೂ ಎಚ್.ಎಂ.ವಿ. ಹೆಸರಿನ ಫಿಯೆಸ್ಟಾದಂಥ ಸಣ್ಣ ಪ್ಲೇಯರುಗಳು ಎಷ್ಟೋ ಮನೆಗಳಿಗೆ ಹಾಡು ತಂದವು. ಆ ಸಂತೋಷವನ್ನು ನಾವು ಹಗುರವಾಗಿ ಕಾಣಬಾರದು.

ಆದರೆ ಅಗ್ಗದ ಗುಟ್ಟು ಎಲ್ಲಿತ್ತು? ಕಾರ್ಟ್ರಿಜ್‌ನಲ್ಲಿ, ಅಂದರೆ ಮುಳ್ಳಿನ ಅಲುಗಾಟವನ್ನು ವಿದ್ಯುತ್ತಾಗಿ ಬದಲಿಸುವ ಭಾಗದಲ್ಲಿ. ಕ್ರಿಸ್ಟಲ್ ಅಥವಾ ಸೆರಾಮಿಕ್ ಕಾರ್ಟ್ರಿಜ್ ಹೆಚ್ಚು ವೋಲ್ಟೇಜ್ ಕೊಡುತ್ತದೆ, ಹಾಗಾಗಿ ಚಿಕ್ಕ ಆಂಪ್ಲಿಫೈಯರ್ ಸಾಕು. ಅದಕ್ಕೆ ಪ್ರತಿಯಾಗಿ ಮುಳ್ಳನ್ನು ಜೋರಾಗಿ ಒತ್ತಬೇಕು. ಒಳ್ಳೆಯ ಮ್ಯಾಗ್ನೆಟ್ ಕಾರ್ಟ್ರಿಜ್‌ಗೆ 1.5ರಿಂದ 3 ಗ್ರಾಂ ಸಾಕಾದರೆ, ಇವಕ್ಕೆ 5 ಗ್ರಾಂ ಅಥವಾ ಅದಕ್ಕೂ ಹೆಚ್ಚು ಬೇಕಾಗುತ್ತಿತ್ತು. ಎರಡು ಮೂರು ಗ್ರಾಂ ಹೆಚ್ಚಾದರೆ ಏನು ಮಹಾ ಎಂದು ಅನಿಸಬಹುದು. ಭೌತಶಾಸ್ತ್ರದ ಪಾಠ ನೆನಪಿಸಿಕೊಳ್ಳಿ: ಒತ್ತಡವೆಂದರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸಿದ್ದು. ಮುಳ್ಳಿನ ತುದಿ ಗೆರೆಯ ಗೋಡೆಯನ್ನು ಮುಟ್ಟುವ ಜಾಗ ಕೂದಲಿನ ದಪ್ಪಕ್ಕಿಂತಲೂ ಚಿಕ್ಕದು. ಅಷ್ಟು ಸಣ್ಣ ಜಾಗದಲ್ಲಿ ಒಂದೊಂದು ಗ್ರಾಂ ಕೂಡ ದೊಡ್ಡ ಮಾತು. ಸವೆದ ಮುಳ್ಳಿನಿಂದ, ಭಾರದ ತೋಳಿನಿಂದ ಆ ಕಾಲದ ಎಷ್ಟೋ ರೆಕಾರ್ಡುಗಳು ಹಾಳಾದವು. ಪೆಟ್ಟಿಗೆ ಅಗ್ಗವಾಗಿತ್ತು, ಬೆಲೆ ತೆತ್ತದ್ದು ಹಾಡು.

ರಟ್ಟಿನ ಪ್ಲೇಯರ್

ಇದೇ ಚರಿತ್ರೆಯಲ್ಲಿ ನಮಗೆ ಹತ್ತಿರವಾದ ಒಂದು ಪುಟವೂ ಇದೆ. ಹೊಂಡುರಾಸ್‌ನಲ್ಲಿ ಮಿಷನರಿಯಾಗಿದ್ದ ಜಾಯ್ ರಿಡರ್‌ಹಾಫ್ ಎಂಬ ಮಹಿಳೆ ಕಾಯಿಲೆಯಿಂದ ಊರಿಗೆ ಮರಳಿದ ಮೇಲೆ, 1939ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಗಾಸ್ಪೆಲ್ ರೆಕಾರ್ಡಿಂಗ್ಸ್ ಎಂಬ ಕೆಲಸ ಆರಂಭಿಸಿದರು. ಓದು ಬಾರದವರಿಗೂ ಅವರದೇ ಭಾಷೆಯಲ್ಲಿ ಶುಭವಾರ್ತೆ ಕೇಳಿಸಬೇಕೆಂಬುದು ಅವರ ಆಸೆ. ಕರೆಂಟಿಲ್ಲದ ಊರುಗಳಲ್ಲಿ ರೆಕಾರ್ಡ್ ನುಡಿಸುವುದು ಹೇಗೆ? ಈ ಸಂಸ್ಥೆ ಮುಂದೆ ಕಾರ್ಡ್‌ಟಾಕ್ ಎಂಬ ಪ್ಲೇಯರ್ ಕೊಟ್ಟಿತು. ಅದು ಬರೀ ರಟ್ಟಿನದು. ಮಡಚಿದರೆ ಪುಸ್ತಕದಷ್ಟು ಚಪ್ಪಟೆ, ಬಿಡಿಸಿ ರೆಕಾರ್ಡ್ ಇಟ್ಟು ಕೈಯಲ್ಲಿ ತಿರುಗಿಸಿದರೆ ರಟ್ಟೇ ಮಾತಾಡುತ್ತಿತ್ತು. ಮೋಟಾರ್ ಇಲ್ಲ, ಬ್ಯಾಟರಿ ಇಲ್ಲ.

ಬರ್ಲಿನರ್ ಅವರ ಆಟಿಕೆಯಂತೆ ಇದರಲ್ಲೂ ವೇಗ ಕೈಯನ್ನೇ ನಂಬಿತ್ತು. ಆದರೂ ಇದನ್ನು ಕಳಪೆ ಎನ್ನಲಾಗದು. ಕೇಳಿಸಬೇಕಾದದ್ದು ಮುಖ್ಯವಾಗಿ ಮಾತು, ಮಾತಿಗೆ ಶ್ರುತಿ ಸ್ವಲ್ಪ ಅಲುಗಿದರೂ ಅರ್ಥ ಕೆಡುವುದಿಲ್ಲ. ಯಾವ ಕೆಲಸಕ್ಕೆ ಎಂದು ಮೊದಲು ತಿಳಿದುಕೊಂಡು, ಆ ಕೆಲಸಕ್ಕೆ ಬೇಡದ್ದನ್ನು ಮಾತ್ರ ಬಿಟ್ಟಿದ್ದರು.

ಸರಳವಾದರೂ ಸೊಗಸು

ಹಾಡಿಗೆ ಈ ವಿವೇಕ ತಂದವರಲ್ಲಿ ಅಮೆರಿಕದ ಎಡ್ಗರ್ ವಿಲ್ಚರ್ ಒಬ್ಬರು. 1961ರಲ್ಲಿ ಅವರ ಅಕೌಸ್ಟಿಕ್ ರಿಸರ್ಚ್ ಕಂಪೆನಿ ಒಂದು ಟರ್ನ್‌ಟೇಬಲ್ ತಂದಿತು. ರೆಕಾರ್ಡ್ ತಾನಾಗಿ ಬೀಳುವ ಏರ್ಪಾಡು ಅದರಲ್ಲಿ ಇರಲಿಲ್ಲ. ತೋಳನ್ನು ಕೈಯಲ್ಲೇ ಎತ್ತಿ ಇಡಬೇಕು. ಅಲಂಕಾರವೂ ಇಲ್ಲ. ಆದರೆ ತಟ್ಟೆಯನ್ನು ರಬ್ಬರ್ ಬೆಲ್ಟ್ ತಿರುಗಿಸುತ್ತಿತ್ತು, ಮೋಟಾರಿನ ನಡುಕ ಮುಳ್ಳಿಗೆ ತಲುಪುತ್ತಿರಲಿಲ್ಲ. ತಟ್ಟೆ ಮತ್ತು ತೋಳು ಒಟ್ಟಿಗೆ ಸ್ಪ್ರಿಂಗುಗಳ ಮೇಲೆ ಕೂತಿದ್ದರಿಂದ ಕೋಣೆಯಲ್ಲಿ ಯಾರಾದರೂ ನಡೆದರೂ ಹಾಡು ಹಾರುತ್ತಿರಲಿಲ್ಲ. ಸೌಕರ್ಯ ಬಿಟ್ಟರು, ಸಮನಾದ ಓಟ ಮತ್ತು ಹಗುರ ಮುಳ್ಳನ್ನು ಬಿಡಲಿಲ್ಲ. ದುಬಾರಿ ಯಂತ್ರಗಳ ಪಕ್ಕದಲ್ಲಿ ಇಟ್ಟರೂ ನಾಚಬೇಕಾಗಿಲ್ಲದ ಈ ಟರ್ನ್‌ಟೇಬಲ್‌ನ ಉಪಾಯಗಳನ್ನು ಮುಂದೆ ಹಲವು ಕಂಪೆನಿಗಳು ಅನುಸರಿಸಿದವು.

1982ರಲ್ಲಿ ಸಿ.ಡಿ. ಬಂತು, ರೆಕಾರ್ಡಿನ ಕತೆ ಮುಗಿಯಿತು ಎಂದುಕೊಂಡರು. ಆದರೆ ಕಮ್ಯುನಿಸ್ಟ್ ಆಡಳಿತದ ಜೆಕೊಸ್ಲೊವಾಕಿಯಾದ ಲಿಟೊವೆಲ್ ಊರಿನ ಟೆಸ್ಲಾ ಕಾರ್ಖಾನೆಯಲ್ಲಿ ಸರಳ ಪ್ಲೇಯರುಗಳ ಕೆಲಸ ನಡೆದೇ ಇತ್ತು. ಆ ಆಡಳಿತ ಬಿದ್ದ ಮೇಲೆ ಆಸ್ಟ್ರಿಯಾದ ಹೈನ್ಜ್ ಲಿಖ್ಟೆನೆಗ್ಗರ್ ಅಲ್ಲಿನ ಕೆಲಸಗಾರರನ್ನೇ ನಂಬಿ 1991ರಲ್ಲಿ ಪ್ರೊ-ಜೆಕ್ಟ್ ಎಂಬ ಹೆಸರಿನಲ್ಲಿ ಸಾಧಾರಣ ಬೆಲೆಯ ಟರ್ನ್‌ಟೇಬಲ್ ಹೊರತಂದರು. ಎಲ್ಲರೂ ಕೈಬಿಟ್ಟಾಗ ಕೈ ಹಿಡಿದವರಿಂದ ಈ ವಿದ್ಯೆ ಉಳಿಯಿತು. 2022ರಲ್ಲಿ ಅಮೆರಿಕದಲ್ಲಿ, 1987ರ ನಂತರ ಮೊದಲ ಬಾರಿಗೆ, ಸಿ.ಡಿ.ಗಳಿಗಿಂತ ಹೆಚ್ಚು ವಿನೈಲ್ ರೆಕಾರ್ಡುಗಳು ಮಾರಾಟವಾದವು.

ಈಗ ನಮ್ಮ ಆಯ್ಕೆ

ರೆಕಾರ್ಡಿನ ಜೊತೆ ಹಳೆಯ ಎರಡು ದಾರಿಗಳೂ ಮರಳಿ ಬಂದಿವೆ. ಒಂದು ಕಡೆ ಸೆರಾಮಿಕ್ ಕಾರ್ಟ್ರಿಜ್ ಇರುವ ಚಂದದ ಸೂಟ್‌ಕೇಸ್ ಪ್ಲೇಯರ್. ಇನ್ನೊಂದು ಕಡೆ ಸ್ಪೀಕರ್ ಇಲ್ಲದ ಸಾದಾ ಟರ್ನ್‌ಟೇಬಲ್. ಆಡಿಯೋ-ಟೆಕ್ನಿಕಾದ ಎಲ್‌ಪಿ60ಎಕ್ಸ್ ಈ ಎರಡನೆಯ ಬಗೆಯದು. ಬೆಲ್ಟ್, ಮ್ಯಾಗ್ನೆಟ್ ಕಾರ್ಟ್ರಿಜ್, ಬದಲಿಸಬಹುದಾದ ವಜ್ರದ ಮುಳ್ಳು, ಗುಂಡಿ ಒತ್ತಿದರೆ ತಾನಾಗಿ ಶುರುವಾಗಿ ನಿಲ್ಲುವ ತೋಳು. ಕಂಪೆನಿ ಯಾವುದಾದರೂ ಇರಲಿ, ಹೊಸದಾಗಲಿ ಹಳೆಯದಾಗಲಿ, ಕೊಳ್ಳುವ ಮೊದಲು ಈ ಐದನ್ನು ನೋಡಿ:

1. ಕಾರ್ಟ್ರಿಜ್ ಮ್ಯಾಗ್ನೆಟ್‌ನದೇ? ಮುಳ್ಳಿನ ಭಾರ 4 ಗ್ರಾಂ ಮೀರದಿರಲಿ. ಸೆರಾಮಿಕ್ ಎಂದಿದ್ದರೆ ಬೇಡ.

2. ಮುಳ್ಳು ಬಿಡಿಯಾಗಿ ಸಿಗುತ್ತದೆಯೇ? ವಜ್ರದ ಮುಳ್ಳು ಕೆಲವು ನೂರು ಗಂಟೆ ಬಾಳುತ್ತದೆ. ಅಪರೂಪಕ್ಕೆ ಕೇಳುವವರಿಗೆ ಅದು ವರ್ಷಗಳ ಲೆಕ್ಕ. ಹಳೆಯ ಪ್ಲೇಯರ್ ಕೊಂಡರೆ ಮೊದಲು ಮುಳ್ಳು ಬದಲಿಸಿ.

3. ವೇಗ ಸರಿಯಿದೆಯೇ? ರೆಕಾರ್ಡಿನ ಅಂಚಿನಲ್ಲಿ ಕಾಗದದ ಚೂರು ಇಟ್ಟು ಎಣಿಸಿ. 33⅓ರ ವೇಗದಲ್ಲಿ 3 ನಿಮಿಷಕ್ಕೆ ಸರಿಯಾಗಿ 100 ಸುತ್ತು ಆಗಬೇಕು.

4. ಬದಿಯ ಕೊನೆಯ ಹಾಡು ಹೇಗೆ ಕೇಳುತ್ತದೆ? ಹೊರ ಅಂಚಿನಲ್ಲಿ ಗೆರೆ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಓಡಿದರೆ ಒಳಗೆ ಸುಮಾರು 20 ಮಾತ್ರ. ಅಷ್ಟರಲ್ಲೇ ಅಷ್ಟೂ ಸ್ವರ ಅಡಗಿರಬೇಕು. ಹಾಗಾಗಿ ಕಳಪೆ ಮುಳ್ಳು ಮೊದಲು ತೊದಲುವುದು ಅಲ್ಲೇ.

5. ಒಳಗೇ ಫೋನೋ ಪ್ರೀಆಂಪ್ ಇದೆಯೇ? ರೆಕಾರ್ಡ್ ಕೊರೆಯುವಾಗ ತಗ್ಗು ಸ್ವರಗಳನ್ನು ಕುಗ್ಗಿಸಿರುತ್ತಾರೆ, ಅದನ್ನು ಮತ್ತೆ ಹಿಗ್ಗಿಸುವುದು ಇದರ ಕೆಲಸ. ಇದು ಇದ್ದರೆ ಮನೆಯಲ್ಲಿರುವ ಸ್ಪೀಕರಿಗೇ ವಯರ್ ಹಾಕಬಹುದು, ಫಿಲ್ಕೋದ ಹಳೆಯ ಉಪಾಯದಂತೆ.

ಇನ್ನೊಂದು ಮಾತು. ಅಟ್ಟದಿಂದ ಇಳಿಸಿದ ತಟ್ಟೆ ಭಾರವಾಗಿದ್ದು, ಒಂದು ಬದಿಗೆ ಒಂದೇ ಹಾಡಿದ್ದು, ಲೇಬಲ್ ಮೇಲೆ 78 ಎಂದಿದ್ದರೆ ಅದು ಅರಗಿನದು. ಅದಕ್ಕೆ 78ರ ವೇಗವೂ ಬೇಕು, ದಪ್ಪ ತುದಿಯ ಬೇರೆ ಮುಳ್ಳೂ ಬೇಕು. ಹಾಗೆಯೇ ಎಲ್‌ಪಿಯನ್ನು ಕೊಳವೆಯ ಗ್ರಾಮಫೋನಿನ ಮೇಲೆ ತಮಾಷೆಗೂ ಇಡಬೇಡಿ. ನಮ್ಮ ಕಾಸರಗೋಡಿನ ಮಳೆಗಾಲದಲ್ಲಿ ಕವರಿಗೆ ಬೂಸ್ಟು ಹಿಡಿಯದಂತೆ ಒಣ ಜಾಗದಲ್ಲಿ ನೇರವಾಗಿ ನಿಲ್ಲಿಸಿಡಿ. ಧೂಳು ಒರೆಸದೆ ಹಾಕಬೇಡಿ.

ಒಳ್ಳೆಯ ಪ್ಲೇಯರಿಗೆ ಈಗ ದುಡ್ಡು ಸಾಲದಿದ್ದರೆ ನಾಲ್ಕಾರು ತಿಂಗಳು ಕಾಯೋಣ, ಇಲ್ಲವೇ ನಾಲ್ಕು ಮನೆಯವರು ಸೇರಿ ಒಂದನ್ನು ಕೊಳ್ಳೋಣ. ಅಪರೂಪಕ್ಕೆ ಕೇಳುವವರಿಗೆ ಅಷ್ಟು ಸಾಕು. ಆ ರೆಕಾರ್ಡುಗಳು ಇಷ್ಟು ವರ್ಷ ಕಾದಿವೆ, ಇನ್ನೂ ಸ್ವಲ್ಪ ದಿನ ಕಾಯುತ್ತವೆ. ಭಾರದ ಮುಳ್ಳಿನ ಕೆಳಗೆ ಒಮ್ಮೆ ಸವೆದ ದನಿಯನ್ನು ಮಾತ್ರ ಯಾವ ದುಡ್ಡೂ ಮರಳಿ ತರಲಾರದು.