ಬಳ್ಳಾರಿ ಸೀಮೆಯ ಈಚಲು ಹೆಂಡ: ಒಂದು ಚಾರಿತ್ರಿಕ ಅವಲೋಕನ

ಮದ್ಯವನ್ನು ಅದು ಹುಟ್ಟಿದ ನೆಲದ ಹೆಸರಿನಿಂದ ಗುರುತಿಸುವ ಪದ್ಧತಿ ನಮ್ಮಲ್ಲಿ ಪ್ರಾಚೀನವಾದುದು. ಕೌಟಿಲ್ಯನ ಅರ್ಥಶಾಸ್ತ್ರವು ದ್ರಾಕ್ಷಾರಸದ ಮದ್ಯವನ್ನು ‘ಮಧು’ವೆಂದು ಕರೆದು, ಕಾಪಿಶಾಯನ, ಹಾರಹೂರಕ ಎಂಬ ನಾಡವಾಚಿ ಹೆಸರುಗಳನ್ನು ನೀಡುತ್ತದೆ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್, ಅಲ್ಲಿನ ಸಂಜೆಯ ಸಂತೆಯಲ್ಲಿ ನಿಂಬೆ, ಕಿತ್ತಳೆಗಳೊಡನೆ ದ್ರಾಕ್ಷಿಯೂ ಮಾರಾಟವಾಗುತ್ತಿದ್ದುದನ್ನು ದಾಖಲಿಸಿದ್ದಾನೆ. ಅವನ ವರ್ಣನೆಯಲ್ಲಿ ದ್ರಾಕ್ಷಿಯು ಸಂತೆಯ ಹಣ್ಣು. ಈ ಸೀಮೆಯ ಜನಸಾಮಾನ್ಯರ ಪಾನೀಯವಾದರೋ ಈಚಲು ಮರದಿಂದ ಬಂದುದು.

ತೆಂಗು, ತಾಳೆಗಳಲ್ಲಿ ಹೊಂಬಾಳೆಯನ್ನು ಕೊಯ್ದು ರಸ ಇಳಿಸಿದರೆ, ಈಚಲಿನಲ್ಲಿ ಸುಳಿಯ ಕೆಳಗಿನ ಕಾಂಡವನ್ನೇ ಕೆತ್ತಲಾಗುತ್ತದೆ. ನಸುಕಿನಲ್ಲಿ ಸಿಹಿಯಾಗಿರುವ ನೀರಾ ಹೊತ್ತೇರಿದಂತೆ ತಾನಾಗಿ ಹುಳಿತು ಹೆಂಡವಾಗುತ್ತದೆ. ಮರ ದಣಿಯದಂತೆ ಮುಂದಿನ ಸರದಿಯಲ್ಲಿ ಎದುರು ಮಗ್ಗುಲನ್ನು ಕೆತ್ತುವುದರಿಂದ ಕಾಂಡದ ಮೇಲೆ ಅಂಕುಡೊಂಕಾದ ಗಾಯದ ಸಾಲು ಉಳಿಯುತ್ತದೆ. ಎಷ್ಟು ಸರದಿ ರಸ ಇಳಿಸಲಾಯಿತೆಂಬುದನ್ನು ಅದರಿಂದ ಎಣಿಸಬಹುದು. ಹಾಗಾಗಿ ಮರವೇ ಈ ವೃತ್ತಿಯ ಶಾಸನ.

ಕುರುಗೋಡು ಸಿಂದ ಅರಸರ ನೆಲೆಯಾಗಿದ್ದ ಹನ್ನೆರಡನೆಯ ಶತಮಾನದಲ್ಲಿಯೇ ‘ಧರ್ಮೇಶ್ವರಲಿಂಗ’ ಅಂಕಿತದ ಹೆಂಡದ ಮಾರಯ್ಯನು ತನ್ನ ಕಾಯಕದ ಪರಿಭಾಷೆಯನ್ನು ವಚನಕ್ಕೆ ತಂದನು. ಈ ಕಾಯಕ ಅಂದು ಅನುಭಾವದ ಭಾಷೆಯಾಗಿತ್ತು. ವಸಾಹತು ಕಾಲದಲ್ಲಿ ಕಂದಾಯದ ಬಾಬತ್ತಾಯಿತು. 1800ರಲ್ಲಿ ಬಳ್ಳಾರಿ ಕಂಪನಿಯ ವಶವಾಯಿತು. 1886ರಲ್ಲಿ ಮದ್ರಾಸು ಅಬಕಾರಿ ಕಾಯಿದೆ ಬಂದಿತು. ಸಿರುಗುಪ್ಪದ ಬಳಿ ತುಂಗಭದ್ರೆಯೇ ಗಡಿ: ಈ ದಡ ಮದ್ರಾಸು ಪ್ರಾಂತ್ಯ, ಆ ದಡ ನಿಜಾಮರ ಸಂಸ್ಥಾನ. ಈಚೆಯ ‘ಹೆಂಡ’ ಆಚೆಯ ಅಬಕಾರಿ ಕಾಗದಗಳಲ್ಲಿ ‘ಸೇಂದಿ’ಯಾಯಿತು. 1948ರ ಅಕ್ಟೋಬರ್ 2ರ ವೇಳೆಗೆ ಪಾನನಿಷೇಧ ಮದ್ರಾಸು ಪ್ರಾಂತ್ಯವನ್ನೆಲ್ಲ ವ್ಯಾಪಿಸಿದಾಗ, ಒಂದೇ ಹೊಳೆಯ ಎರಡು ದಡಗಳಲ್ಲಿ ಒಂದೇ ಮರಕ್ಕೆ ಎರಡು ನ್ಯಾಯಗಳಾದವು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು.

ಕರ್ನಾಟಕದ ಹೆಚ್ಚಿನ ಭಾಗದಲ್ಲಿ 2004ರಲ್ಲಿ ಹೆಂಡ ನಿಷೇಧವಾಯಿತು. ಕ್ಲೋರಲ್ ಹೈಡ್ರೇಟ್ ಬೆರೆಸಿದ ಕಲಬೆರಕೆ ಹೆಂಡ ಬಡವರ ಆರೋಗ್ಯವನ್ನು ಕೆಡಿಸಿದ್ದು ದಿಟ. ನಿಷೇಧದ ಸಾಮಾಜಿಕ ಕಾರಣಗಳನ್ನು ಅಲ್ಲಗಳೆಯಲಾಗದು. ಆದರೆ ಸಾರಾಯಿ ನಿಷೇಧಗೊಂಡ 2007ರಲ್ಲಿಯೇ ರಾಜ್ಯವು ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ರೂಪಿಸಿತೆಂಬುದು ಗಮನಾರ್ಹ. ಹಂಪಿಯ ಆಸುಪಾಸಿನ ಬೆಟ್ಟಸಾಲಿನಲ್ಲಿ ಯುರೋಪಿನ ದ್ರಾಕ್ಷಿತಳಿಗಳು ಬೇರೂರಿದವು. ದ್ರಾಕ್ಷಿಯ ಪ್ರತಿಯೊಂದು ತಳಿಗೂ ಹೆಸರು, ವಂಶಾವಳಿ, ರುಚಿಯ ವಿವರಣೆಗಳಿವೆ. ಈಚಲಿನ ಕಸುಬಿನ ಅರಿವಾದರೋ ಈಡಿಗರ ಹಿರಿಯರ ನೆನಪಿನಲ್ಲಷ್ಟೇ ಉಳಿದಿದೆ.

ಹೆಂಡ ಮರಳಿ ಬರಬೇಕೆಂಬುದು ಈ ಬರಹದ ವಾದವಲ್ಲ. ಬಳ್ಳಾರಿ, ಸಿರುಗುಪ್ಪ, ಕುರುಗೋಡು ಪರಿಸರದಲ್ಲಿ ಉಳಿದಿರುವ ಈಚಲು ಮರಗಳ ಗಾಯದ ಸಾಲುಗಳನ್ನೂ, ಕಸುಬಿನ ಪದಕೋಶವನ್ನೂ ಜಾನಪದ ಸಂಶೋಧಕರು ಒಟ್ಟೊಟ್ಟಿಗೆ ದಾಖಲಿಸಬೇಕಾಗಿದೆ. ಅಬಕಾರಿ ಕಡತಗಳು ತೆರಿಗೆಯನ್ನು ಬರೆದಿಟ್ಟವು; ಕುಶಲತೆಯನ್ನು ಬರೆದಿಡಲಿಲ್ಲ. ಮರ ಉರುಳಿ, ಹಿರಿಯರು ತೀರಿಕೊಂಡ ಮೇಲೆ ಆ ಕೊರತೆಯನ್ನು ತುಂಬಲು ಬೇರೆ ಆಕರವಿರುವುದಿಲ್ಲ.